ಕಿವಿಗೆ ಹಿಡಿದು ಕೊಂಡದ್ದು

ಹಾಸನಕ್ಕೆ ಬಡವರ ಊಟಿ ಅಂತಾರೆ,
ನಮ್ಮ ಕಂಪ್ಯೂಟರಿಗೆ ಆ ಸುದ್ದಿ ಯಾರೂ ಮುಟ್ಟಿಸಿಲ್ಲ.
ಪೆನ್ಷನ್ ಮೊಹಲ್ಲಾದ ಒಂದೂವರೆ ಕೋಣೆಯಲ್ಲಿ
ಮಾಘದ ಚಳಿಗೂ ಅದು ಕುದಿದು
ಹತ್ತು ನಿಮಿಷಕ್ಕೊಮ್ಮೆ ಕೂಗು ಹಾಕುತ್ತೆ,
ಗಿರಣಿಯಲ್ಲಿ ಕಾಳು ಮುಗಿದ ಮೇಲೆ
ಕಲ್ಲಿಗೆ ಕಲ್ಲು ತಾಗುವ ಕೂಗು.

ಪ್ರಭಾಮಣಿ ಅದರ ಮುಂದೆ ಕೂತು ದುಡಿಯುವವಳು.
ವಕೀಲರು ಕಳಿಸಿದ ಧ್ವನಿ ಕೇಳಿ
ಮಾತಿಗೆ ಮಾತು ಟೈಪು, ಪುಟಕ್ಕೆ ಹನ್ನೆರಡು ರೂಪಾಯಿ.
ಅವಳಿಗೆ ಕಣ್ಣು ಕಾಣುವುದಿಲ್ಲ;
ಒತ್ತಿದ ಅಕ್ಷರವನ್ನು ಯಂತ್ರವೇ ಓದಿ ಹೇಳಬೇಕು.
ಎಡಗಿವಿಗೆ ಯಂತ್ರ, ಬಲಗಿವಿಗೆ ಸಾಕ್ಷಿ,
ನಡುವೆ ಈ ಫ್ಯಾನು.
ಹೋದ ವಾರ ಒಬ್ಬ ಮುದುಕಿ
'ಕೊಟ್ಟಿದ್ದಿಲ್ಲ' ಅಂದಳೋ 'ಕೊಟ್ಟಿದ್ದೆಲ್ಲ' ಅಂದಳೋ
ಹದಿನೇಳು ಸಲ ಕೇಳಿದರೂ ಹರಿಯಲಿಲ್ಲ.
"ಎರಡೆಕರೆ ಹೊಲ ಒಂದು ಸ್ವರದ ಮೇಲೆ ನಿಂತಿದೆ ಕಣ್ರೀ.
ಆಟೋ ತೆಗೀರಿ."

ಕಸ್ತೂರಬಾ ರಸ್ತೆ, ಮುನೀರನ ಅಂಗಡಿ.
ಮೊದಲು ಎತ್ತಿದ್ದೇ ಮಿಂಚುವ ಫ್ಯಾನು:
"ಏಳು ಬಣ್ಣ ಅಕ್ಕಾ, ಕತ್ತಲಲ್ಲಿ ನೋಡ್ಬೇಕು ನೀವು"
ಅಂದವನೇ ನಾಲಿಗೆ ಕಚ್ಚಿಕೊಂಡ.
ಇವಳು ನಕ್ಕಳು. "ಬಣ್ಣ ಸದ್ದು ಕಮ್ಮಿ ಮಾಡುತ್ತಾ?"
"ಇಲ್ಲ."
"ಮತ್ತೆ ಯಾಕೆ ನಾನೂರು ಜಾಸ್ತಿ?"

ಡಬ್ಬಿ ಮೇಲಿನ ಡೆಸಿಬೆಲ್ ನಾನು ಓದಿ ಹೇಳಿದೆ.
"ಅದು ಮದುವೆ ದಲ್ಲಾಳಿ ಹೇಳೋ ವಯಸ್ಸು. ತಿರುಗಿಸಿ."
ಸೀಲಿಂಗ್ ಫ್ಯಾನು ಆರಿತು, ಶಟರು ಅರ್ಧ ಇಳಿಯಿತು,
ಸೌತೆಕಾಯಿ ಗಾಡಿಯವನಿಗೆ
ಐದು ನಿಮಿಷ ಕೂಗಬೇಡಪ್ಪ ಅಂತ ನಾನೇ ಹೇಳಿ ಬಂದೆ.

ಚಿಕ್ಕದು ಚೀರಿತು.
"ಗಿಡ್ಡಕಾಲಿನವನು ಸಂತೆಗೆ ಓಡಿದ ಹಾಗೆ,
ಹೆಜ್ಜೆ ಜಾಸ್ತಿ, ದಾರಿ ಅಷ್ಟೇ."
ಒಬ್ಬಟ್ಟಿನಗಲದ್ದು ಬಂತು, ನಿಧಾನ ತಿರುಗಿತು.
ಅಂಗೈ ಒಡ್ಡಿದಳು, ಆಮೇಲೆ ಕೆನ್ನೆ.
ಗಾಳಿ ಇತ್ತು. ಅವಸರ ಇರಲಿಲ್ಲ.
ನಿಲ್ಲಿಸಿ ಕೇಳಿದಳು, ಮಲಗಿಸಿ ಕೇಳಿದಳು,
"ಇದರ ಬೇರಿಂಗು ನಿಂತಾಗ ಸುಮ್ಮನಿರುತ್ತೆ,
ಮಲಗಿದರೆ ಗೊಣಗುತ್ತೆ, ನಿಮ್ಮ ದೊಡ್ಡಪ್ಪನ ಥರ. ಬೇರೆ ಕೊಡಿ."
ನನಗೇನೂ ಕೇಳಿಸಿರಲಿಲ್ಲ.
"ಗಾಳಿಯ ಸದ್ದು ಇದ್ದರೆ ಇರಲಿ ಮುನೀರಣ್ಣ,
ಅದರ ಹಿಂದೆ ಮಾತು ಸಿಗುತ್ತೆ.
ಸಿಳ್ಳೆ ಬೇಡ. ಸಿಳ್ಳೆ ಅಕ್ಷರದ ತಲೆ ಕತ್ತರಿಸುತ್ತೆ."

ಎಂಟನೆಯದಕ್ಕೆ ತಲೆಯಾಡಿಸಿದಳು. ಅಂಥವು ಎರಡು.
ಹದಿಮೂರು ವರ್ಷದಿಂದ ಮಾರುವವನು
ಬಿಟ್ಟುಹೋದ ಏಳನ್ನೂ ಒಂದೊಂದಾಗಿ
ಕಿವಿಗೆ ಹಿಡಿದು ನೋಡುತ್ತ ನಿಂತಿದ್ದ,
ಬಿಲ್ಲು ಬರೆಯುವುದನ್ನೇ ಮರೆತು.

ಮನೆಯಲ್ಲಿ ಸ್ಕ್ರೂ ಬಿಟ್ಟು ರಬ್ಬರು ಗೂಟಕ್ಕೆ ಕಟ್ಟಿದೆ,
ಅದುರಿದರೂ ತಗಡಿಗೆ ಚಾಡಿ ಹೇಳದ ಹಾಗೆ.
ಹಿಂದಿನದನ್ನು ಉಲ್ಟಾ ಕೂರಿಸಿದ್ದೆ;
ಎರಡೂ ಒಳಗೇ ಊದುತ್ತಿದ್ದವು.
ಕೈ ಇಟ್ಟು ಕಂಡುಹಿಡಿದಳು:
"ಬಂದ ಗಾಳಿ ಹೋಗೋದೆಲ್ಲಿಂದ? ಬಿಚ್ಚಿ."

ರಾತ್ರಿ ಹತ್ತಕ್ಕೆ ಮುದುಕಿಯನ್ನು ಮತ್ತೆ ಹಾಕಿದಳು,
ನನಗೂ ಕೇಳಲೆಂದು ತಂತಿ ಕಿತ್ತು.
ಕೊಟ್ಟಿದ್ದಿಲ್ಲ.
ಅದಕ್ಕೂ ಮುಂಚೆ, ಎಂಜಲು ನುಂಗಿದ ಸದ್ದು.
ಅದಕ್ಕೆ ಅಕ್ಷರ ಇಲ್ಲ. ಟೈಪು ಮಾಡಲಿಲ್ಲ,
ಸ್ವಲ್ಪ ಹೊತ್ತು ಬೆರಳು ಎತ್ತಿಯೇ ಇಟ್ಟಿದ್ದಳು.

ಪೆಟ್ಟಿಗೆ ಓಡುತ್ತಲೇ ಇತ್ತು, ಇಲ್ಲವೆಂಬಷ್ಟು.
ಪಕ್ಕದಲ್ಲಿ ಚಾಪೆ ಹಾಸಿ ಮಲಗಿದೆ.
"ಏನದು," ಅಂದಳು, "ಸಣ್ಣಗೆ ಕೀರ್ ಅಂತಿದೆ,
ಒಂದು ಸಲ ಒಳಗೆ, ಒಂದು ಸಲ ಹೊರಗೆ?"
ಗೋಡೆ ಗಡಿಯಾರ ಇರಬೇಕು, ಅಂದೆ.
"ಗಡಿಯಾರಕ್ಕೆ ದೀಪಾವಳಿಯಿಂದ ಸೆಲ್ಲಿಲ್ಲ.
ಹತ್ತಿರ ಬನ್ನಿ.
ಅಂಗಿ ಬಿಚ್ಚಿ."

ಎದೆಗೆ ಕಿವಿ ಇಟ್ಟಳು,
ಎಡಕ್ಕೊಮ್ಮೆ, ಬಲಕ್ಕೊಮ್ಮೆ.
ಬೀಡಿ ಬಿಟ್ಟೆ ಅಂತ ಮೂರು ವರ್ಷದಿಂದ ಹೇಳುತ್ತಿದ್ದೇನೆ.
ನಾನು ಉಸಿರು ಹಿಡಿದೆ.