ಆರು ಕಪ್ಪು ಗುಂಡಿ

ತಿಂಗಳ ಮೊದಲ ಶನಿವಾರ, ಯಾಬ್ಲೊನೆತ್ಸ್ ಪೇಟೆಗೆ
ಬೆಳಕು ಹರಿಯುವ ಮೊದಲೇ ಬ್ಯಾಟರಿ ಹಿಡಿದು ಬರುತ್ತೇವೆ ನಾವು,
ಹಳೆಯದರ ಹುಚ್ಚು ಹತ್ತಿದವರು.
ಓಟಕರ್ ಬಿಸ್ಕತ್ತಿನ ಡಬ್ಬಿಯನ್ನು ಮೇಜಿನ ಮೇಲೆ ಬೋರಲು ಹಾಕುತ್ತಾನೆ:
ಗಾಜಿನ ಗುಂಡಿ, ಹಿತ್ತಾಳೆ ಗುಂಡಿ, ಕೊಂಬಿನದು, ಚಿಪ್ಪಿನದು,
ಹಂಸ ಅಚ್ಚೊತ್ತಿದ್ದು, ರೈಲ್ವೆಯವರ ರೆಕ್ಕೆಚಕ್ರದ್ದು,
ಒಂದೂ ಅಂಗಿಯಿಲ್ಲದ ಸಾವಿರ ಗುಂಡಿ.

"ಕೈ ತೊಳೆದಿದ್ದೀಯಾ, ಹೆಡ್ವಿಕಾ?" ಅನ್ನುತ್ತಾನೆ ಪ್ರತಿ ಸಲದ ಹಾಗೆ.
ನಗುತ್ತೇನೆ.
ಚೌಕಾಸಿಗೆ ಮುಂಚೆ ನಗಬಾರದು, ಗೊತ್ತು.

ಕಲ್ಲಿನ ಮಾತು ಬೇರೆ.
ಗಾರ್ನೆಟ್ಟನ್ನು ಕಣ್ಣಿನಿಂದ ಕೊಳ್ಳಬಾರದು,
ತುಟಿಗೆ ಮುಟ್ಟಿಸಬೇಕು.
ನಿಜದ ಕಲ್ಲು ತಣ್ಣಗಿರುತ್ತದೆ, ಈಗಷ್ಟೇ ಬಾವಿಯಿಂದ ಎತ್ತಿದ ಹಾಗೆ;
ಗಾಜು ಬೇಗ ಒಲಿಯುತ್ತದೆ.
ಇದನ್ನು ಕಲಿಸಿದ್ದು ಸೋದರತ್ತೆ ವ್ಲಾಸ್ತಾ,
ತುರ್ನೊವ್‌ನ ಸಾಣೆಯ ಮುಂದೆ ಮೂವತ್ತೊಂದು ವರ್ಷ ಕೂತವಳು.
ಗಸಗಸೆಗಿಂತ ತುಸು ದೊಡ್ಡ ಕಲ್ಲಿಗೂ ಹನ್ನೆರಡು ಮುಖ ಕೊಟ್ಟಳು;
ಕೊನೆಕೊನೆಗೆ ನಮ್ಮ ಮುಖವೇ ಕಾಣುತ್ತಿರಲಿಲ್ಲ ಅವಳಿಗೆ.

ದಾಳಿಂಬೆ ಬೆಳೆಯದ ನಾಡು ನಮ್ಮದು.
ಆದರೂ ಈ ಕಲ್ಲಿಗೆ ದಾಳಿಂಬೆಯ ಹೆಸರು;
ಪದಕದ ತುಂಬ ಒತ್ತೊತ್ತಾಗಿ ಕೂರಿಸಿದರೆ
ಯಾರೋ ಹಣ್ಣು ಬಿಡಿಸಿಟ್ಟು ನೀರು ತರಲು ಒಳಗೆ ಹೋದ ಹಾಗೆ.
ಹಣ್ಣನ್ನು ನಾನು ತಿಂದದ್ದು ನಲವತ್ತು ದಾಟಿದ ಮೇಲೆ,
ಬೀಜ ಉಗುಳಬೇಕೋ ನುಂಗಬೇಕೋ ತಿಳಿಯದೆ.

ಅವತ್ತು ಕೊಂಡದ್ದು ಆರು ಕಪ್ಪು ಗುಂಡಿ.
ಬಟ್ಟೆ ಹೊದಿಸಿದವು, ಮಂಕು, ಯಾರೂ ಬೆಲೆ ಕೇಳದವು.
ಕೋಟಿನ ಅಂಚಿನ ಹರಕು ಪಟ್ಟಿಯ ಮೇಲೆ ಇನ್ನೂ ಸಾಲಾಗಿ ಕೂತಿದ್ದವು;
ಪಟ್ಟಿಯ ಒಳಮೈಗೆ ಕೆಂಪು ದಾರದ ಹೆಸರು: ಎರ್ನಾ ಪ್ರೈಸ್ಲರ್.
ಮೂವತ್ತು ಕೊರುನಾ ಅಂದ. ಇಪ್ಪತ್ತೈದು ಕೊಟ್ಟೆ.

ಮನೆಗೆ ಬಂದು, ಚಟಕ್ಕೆ, ತೂಗಿದೆ.
ಐದು ಗುಂಡಿ ತಲಾ ಎರಡು ಗ್ರಾಂ.
ಆರನೆಯದು ಎರಡೂಮುಕ್ಕಾಲು.

ನಲವತ್ತೈದರ ಬೇಸಿಗೆ ಈ ಊರಿನ ಜರ್ಮನ್ ಮಾತಿನವರಿಗೆ ಹೇಳಿದ್ದರು:
ಎತ್ತಲಾಗುವಷ್ಟು ಗಂಟು, ಒಡವೆ ಬೇಡ,
ಬೀಗದಕೈ ಬಾಗಿಲಲ್ಲೇ ಇರಲಿ.
ನಮ್ಮ ಮನೆಯದೂ, ಹೇಳಿಬಿಡುತ್ತೇನೆ, ಅಂಥ ಒಂದು ಬಾಗಿಲು.
ಅಜ್ಜ ಒಳಗೆ ಕಾಲಿಟ್ಟಾಗ ಗೋಡೆಯ ಗಡಿಯಾರಕ್ಕೆ
ಇನ್ನೂ ಎರಡು ದಿನದ ಕೀಲಿ ಉಳಿದಿತ್ತಂತೆ.

ಹೋದವಳ ಗುಂಡಿ ಇಲ್ಲೇ ಹೇಗೆ ಉಳಿಯಿತು?
ಕಟ್ಟೆಯಲ್ಲಿ ಕೋಟು ಕಿತ್ತುಕೊಂಡರೋ,
ಸೆಖೆಯೆಂದು ತಾನೇ ಕಳಚಿಟ್ಟು ಮರೆತಳೋ.
ಮರೆಯುವ ಹೆಂಗಸು ಹೀಗೆ ಹೊಲಿಯುವುದಿಲ್ಲ.

ದಾರ ಬಿಚ್ಚಿದೆ.
ಹತ್ತಿಯ ಗೂಡಿನೊಳಗೆ ಮೂರು ಕಲ್ಲು, ಕಡಲೆಬೇಳೆಯಷ್ಟು.
ಗುಂಡಿ ತೋಡಿ ನೆಲದೊಳಗಿಂದ ಎತ್ತಿದ್ದನ್ನು
ಇನ್ನೊಂದು ಗುಂಡಿಯೊಳಗೆ ಹೂತಿದ್ದಳು;
ಪಹರೆಯವನ ಕಣ್ಣೆದುರು ಅದನ್ನು ಹಾಕಿಕೊಂಡು ನಿಲ್ಲಲು
ಗುಂಡಿಗೆ ಬೇಕು.

ತುಟಿಗಿಟ್ಟೆ.
ಒಂದು, ತಣ್ಣಗೆ.
ಎರಡು, ಇನ್ನೂ ತಣ್ಣಗೆ.
ಮೂರನೆಯದು ಉಸಿರಿಗೇ ಬೆಚ್ಚಗಾಯಿತು.
ಗಾಜು. ನಮ್ಮೂರ ಕುಲುಮೆಯದೇ.

ಗೊತ್ತಿತ್ತೋ ಅವಳಿಗೆ?
ಕೊಟ್ಟವನು ಮೋಸ ಮಾಡಿದ್ದನೋ,
ಮೋಸವೆಂದು ತಿಳಿದೇ ಕೊಟ್ಟವನನ್ನು ಇಟ್ಟುಕೊಂಡಿದ್ದಳೋ?
ಹತ್ತಿ ಮಾತ್ರ ಮೂರಕ್ಕೂ ಸಮ ಹರಿದಿದ್ದಳು.

ಓಟಕರ್‌ಗೆ ಹೇಳಿಲ್ಲ.
ಹೇಳಿದರೆ ಮುಂದಿನ ಶನಿವಾರ ತಕ್ಕಡಿ ತರುತ್ತಾನೆ.
ಮೂರನ್ನೂ ಒಳಗಿಟ್ಟು ಮತ್ತೆ ಹೊಲಿದೆ;
ನನ್ನ ಕೈ ಒರಟು, ಎದ್ದು ಕಾಣುತ್ತದೆ.
ಪುಸ್ತಕದಲ್ಲಿ ಬರೆದದ್ದು ಇಷ್ಟೇ:
ಕೋಟಿನ ಗುಂಡಿ, ಕಪ್ಪು, ಆರು.
ಒಂದರ ದಾರ ನನ್ನದು.