ಲೇಕ್ ಸಕ್ಸೆಸ್, ೧೯೪೭

ಈ ಹಾಲಿನಲ್ಲಿ ಮೊದಲು ಬುಗುರಿ ಮಾಡುತ್ತಿದ್ದೆವು.
ಮಕ್ಕಳ ಬುಗುರಿಯಲ್ಲ. ಹಿತ್ತಾಳೆಯದು, ಅಂಗೈ ಅಗಲ,
ವಿಮಾನ ಎತ್ತ ವಾಲಿದರೂ ತಾನು ನೆಟ್ಟಗೆ ನಿಂತು
ಬಾಂಬಿಗೆ ದಾರಿ ತೋರುವಂಥದು.
ಸಾಲುಸಾಲು ಹೆಂಗಸರು, ತಲೆಗೆ ಬಿಗಿದ ರುಮಾಲು.
ಮೇಸ್ತ್ರಿ ಹಾಲ್ವರ್ಸನ್ ಕೂಗುತ್ತಿದ್ದ:
"ಕೂದಲೆಳೆ ತಪ್ಪಿದರೆ ಒಂದು ಊರೇ ತಪ್ಪುತ್ತದೆ, ವಾಂಡಾ!"
ತಪ್ಪಿದ ಊರು ಯಾವುದು, ತಪ್ಪದ್ದು ಯಾವುದು
ನಾವು ಕೇಳಲಿಲ್ಲ. ಗಂಟೆಗೆ ಎಂಬತ್ತು ಸೆಂಟು.

ಈಗ ಅದೇ ನೆಲಕ್ಕೆ ಜಮಖಾನೆ.
ನನ್ನ ಬೆಂಚು ಇದ್ದಲ್ಲಿ ಕುದುರೆ ಲಾಳದಂತೆ ಬಾಗಿದ ಮೇಜು,
ಹನ್ನೊಂದು ಕುರ್ಚಿ.
ಬೂದಿಬಟ್ಟಲು ಚೆಲ್ಲು, ಹೂಜಿ ತೊಳೆ,
ಕಿವಿಗೆ ಹಾಕುವ ಫೋನುಗಳನ್ನು ಒರೆಸಿ ಎಣಿಸು.

ಸೇರಿದ ದಿನ ಒಂದು ಕಿರುಹೊತ್ತಗೆ ಕೊಟ್ಟರು. ರೈಲಿನಲ್ಲಿ ಓದಿದೆ.
ಶುರುವಿನಲ್ಲಿ ರಾಜರಿಲ್ಲ, ಸರ್ಕಾರಗಳಿಲ್ಲ, ಜನ ಅಂತ ಇದೆ.
ಒಂದೇ ಆಯುಸ್ಸಿನಲ್ಲಿ ಎರಡು ಸಲ ಆಯಿತು, ಇನ್ನು ಬೇಡ ಅಂತಿದೆ.
ಎರಡು ಸಲ.
ಮೊದಲಿನದಕ್ಕೆ ಅಪ್ಪನ ಎಡಗಾಲು.
ಎರಡನೆಯದಕ್ಕೆ ನನ್ನ ತಮ್ಮ ಕಾಜಿಕ್, ಪೂರ್ತಿ.
ಬರೆದವರು ನಮ್ಮ ಮನೆಗೆ ಬಂದು ಎಣಿಸಿಕೊಂಡು ಹೋದ ಹಾಗಿತ್ತು.

"ಏನದು ನೀನು ಗುಡಿಸೋ ಜಾಗ?" ಅಪ್ಪ ಕೇಳಿದ.
ಊಟದ ಮೇಜಿನ ಮೇಲೆ ಇಟ್ಟು ತೋರಿಸಿದೆ.
ಈ ದೊಡ್ಡ ತಟ್ಟೆ ಮಹಾಸಭೆ. ಆನೆಗೂ ಒಂದೇ ಓಟು, ಇರುವೆಗೂ ಒಂದೇ.
ಅದು ಕೂರುವುದು ಫ್ಲಶಿಂಗ್‌ನಲ್ಲಿ, ಜನ ಸ್ಕೇಟಿಂಗ್ ಆಡುತ್ತಿದ್ದಲ್ಲಿ,
ಮಂಜುಗಡ್ಡೆಯ ಜಾಗಕ್ಕೆ ನೆಲ ಹಾಸಿ.
ಚಮಚಗಳು ಕಡತ ಹೊರುವವರು.
ಉಪ್ಪಿನ ಡಬ್ಬಿ, ಹಸಿವು ಕಾಯಿಲೆಗಳ ಲೆಕ್ಕ ಇಡುವವರು.
ಮುಚ್ಚಳ, ಇನ್ನೂ ಸ್ವಂತ ಬಾವುಟ ಇಲ್ಲದ ನಾಡುಗಳ ಮೇಲೆ.
ನ್ಯಾಯಾಲಯ ಸಮುದ್ರದಾಚೆ, ಅಗೋ ಬೆಣ್ಣೆಯ ಹತ್ತಿರ.
ಇನ್ನು ನನ್ನ ಹನ್ನೊಂದು ಕುರ್ಚಿ:
ಆರು ಬಂದು ಹೋಗುವವು, ಐದು ಗೂಟ ಹೊಡೆದವು.
"ಐದರಲ್ಲಿ ಒಬ್ಬ ಬೇಡ ಅಂದರೆ?"
ಬೇಡ ಅಂದರೆ ಬೇಡ.
ಅಪ್ಪ ತನ್ನ ಕೈಯನ್ನೇ ನೋಡಿಕೊಂಡ.
"ಐದು ಬೆರಳು ಸಮ ಇರೋಲ್ಲ ಅಂತಾರೆ.
ಇಲ್ಲಿ ಐದೂ ಸಮ. ಹಾಗಾದರೆ ಹಿಡಿಯೋದು ಹೇಗೆ?"
ಮರದ ಕಾಲು ಕುಟ್ಟುತ್ತ ಮಲಗಲು ಹೋದ.

ನಿನ್ನೆ ಸಭೆ ಹನ್ನೊಂದರವರೆಗೆ.
ಒಬ್ಬರು ನಲವತ್ತು ನಿಮಿಷ ಮಾತಾಡಿದರು,
ಅದೆಲ್ಲ ಸುಳ್ಳೆಂದು ಇನ್ನೊಬ್ಬರು ಐವತ್ತು ನಿಮಿಷ.
ಯಾರೂ ಯಾರಿಗೂ ಹೊಡೆಯಲಿಲ್ಲ.
ಯಾರದೋ ಒಂಟಿ ಕೈಗವಸು ಉಳಿದಿತ್ತು, ಒಳಗೆ ಇನ್ನೂ ಬೆಚ್ಚಗೆ.

ಒಂದು ಫೋನು ಕಿವಿಗಿಟ್ಟೆ.
ಗಾಜಿನ ಗೂಡಿನಲ್ಲಿ ದುಭಾಷಿ ಹುಡುಗಿ
ಖಾಲಿ ಕುರ್ಚಿಗಳೆದುರು ಅಭ್ಯಾಸ ಮಾಡುತ್ತಿದ್ದಳು,
ಒಂದೇ ಮಾತು, ನಾಲ್ಕಾರು ದನಿಯಲ್ಲಿ:
ಮುಂದೂಡಲಾಗಿದೆ, ಮುಂದೂಡಲಾಗಿದೆ.
ಬುಗುರಿ ನೆನಪಾಯಿತು,
ತಿರುಗುವಷ್ಟು ಹೊತ್ತು ಮಾತ್ರ ನಿಲ್ಲುವುದು.

ಫೋನು ತೆಗೆದರೂ ಗುಂಯ್‌ಗುಡುವುದು ನಿಲ್ಲಲಿಲ್ಲ.
ಪರದೆಯ ಹಿಂದೆ ಹಲಗೆಗೋಡೆ,
ಗೋಡೆಯಾಚೆ ಅರ್ಧ ಕಟ್ಟಡ ಇನ್ನೂ ಕಂಪನಿಯದೇ. ರಾತ್ರಿ ಪಾಳಿ.
ಆ ಲೇತು ನನಗೆ ಗುರುತು, ಮೂರನೆಯದು,
ಸ್ವಲ್ಪ ಎಡಕ್ಕೆ ಎಳೆಯುತ್ತದೆ.

ಫೋನು ಎಣಿಸಿದೆ. ಒಂದು ಕಮ್ಮಿ.
ಮತ್ತೆ ಮೊದಲಿನಿಂದ ಎಣಿಸಿದೆ.