ಸದ್ದಿಲ್ಲದ ಕೆರೆ

ಒತೊನಾಶಿ ಎಂದರೆ ಸದ್ದಿಲ್ಲದ್ದು.
ಕೆರೆಗೆ ಆ ಹೆಸರಿಟ್ಟವರು
ಕಪ್ಪೆಗಳನ್ನು ಕೇಳಿರಲಿಲ್ಲ.

ತೂಬು ಕಾಯುತ್ತಿದ್ದ ಕಿಜಿಮಾ ಯಾಸುಗೊರೊ
ಸಾಯುವ ವರ್ಷದ ಡಿಸೆಂಬರಿನಲ್ಲಿ
ನನ್ನ ಅಂಚೆಕಚೇರಿಗೆ ಬಂದು
ಮೂಲಂಗಿ ಉಪ್ಪು ಹಾಕುವ ಪೀಪಾಯಿಯೊಂದನ್ನು
ತೂಕದ ಯಂತ್ರದ ಮೇಲಿಟ್ಟ.
ವಿಳಾಸ ಬರೆದಿರಲಿಲ್ಲ.
ಒಳಗೆ ಮಳೆನೀರು, ಕೊಳೆತ ಭತ್ತದ ಹುಲ್ಲು,
ತಳದಲ್ಲಿ ಬಟಾಣಿಯಷ್ಟು ಹಸಿರುಂಡೆ, ಹನ್ನೊಂದು.
"ಚಳಿಗೆ ಹೀಗೆ ಮುದುಡಿಕೊಂಡು ಮುಳುಗುತ್ತೆ. ಸತ್ತಿಲ್ಲ.
ಏಪ್ರಿಲ್‌ವರೆಗೆ ತಾಳಿಕೋ.
ನಲ್ಲಿನೀರು ಮಾತ್ರ ಹಾಕಬೇಡ."
ಉಯಿಲು ಇಷ್ಟೇ.

ಏಪ್ರಿಲಿಗೆ ಉಂಡೆ ಬಿಚ್ಚಿ ಬಾಲವಾಯಿತು.
ತಾನುಕಿಯ ಬಾಲ ಅನ್ನುತ್ತೇವೆ ನಾವು,
ತಾನುಕಿ, ನರಿಯ ದೂರದ ನೆಂಟ, ರಾತ್ರಿ ಕಳ್ಳ.
ಬೇರಿಲ್ಲ, ನೆಲದ ಋಣವಿಲ್ಲ,
ಎಳೆ ಎಳೆ ಎಲೆಯ ನಡುವೆ ಅಲ್ಲೊಂದು ಇಲ್ಲೊಂದು
ಎಳ್ಳಿನಷ್ಟು ಚೀಲ, ಚೀಲಕ್ಕೊಂದು ಕದ,
ಕದಕ್ಕೆ ನಾಲ್ಕು ಕೂದಲು.
ನೀರಚಿಗಟ ಸೋಕಿತೋ,
ನೀವು 'ಅ' ಅನ್ನಲು ಬಾಯಿ ತೆರೆಯುವ ಮೊದಲೇ
ಕದ ತೆಗೆದು, ಎಳೆದುಕೊಂಡು, ಹಾಕಿ ಆಯಿತು.

"ಹುಳ ತಿನ್ನೋ ಗಿಡಕ್ಕೆ ಇಷ್ಟು ಉಪಚಾರ ಯಾಕೆ?"
ಕೇಳಿದ ಮೀನಂಗಡಿ ಸುಎಕಿಚಿ,
ಹಾವುಮೀನಿನ ಕರುಳು ತೆಗೆಯುತ್ತ.

ಹೂವು ಎರಡು ಬಗೆ.
ನೀರ ಮೇಲೆ ಹಳದಿ, ಲೋಕಕ್ಕೆ ಕಾಣಲೆಂದು.
ನೀರೊಳಗೆ ಇನ್ನೊಂದು, ಎಂದೂ ಅರಳದ್ದು,
ಮುಚ್ಚಿದ ಬಾಯಲ್ಲೇ ಬೀಜ ಕಟ್ಟುವುದು.
ಮೂವತ್ತು ವರ್ಷ ಮುದ್ರೆ ಒತ್ತಿದ ನನಗೆ
ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ನವೆಂಬರಿನಲ್ಲಿ ಕೆರೆ ಬಸಿದರು.
ಸೊಂಟದವರೆಗೆ ರಬ್ಬರು ತೊಟ್ಟ ಶಾಲೆಯ ಮಕ್ಕಳು,
ಕೆಸರು, ಕೂಗಾಟ, ಬಿಸಿ ಮಿಸೊ ಸಾರು.
ಸಿಕ್ಕಿದ್ದು: ಕೆಂಪು ಸಿಗಡಿ ಎರಡು ಸಾವಿರದ ಮುನ್ನೂರ ಹದಿನಾರು,
ಒಂದು ಸೈಕಲ್ಲು,
ಕಳುವಾದ ದೇಗುಲದ ಕಾಣಿಕೆ ಡಬ್ಬಿ, ಖಾಲಿ.
ಪುರಸಭೆಯ ಹುಡುಗಿ ಹಿನಾಸೆ
ತಾನುಕಿಬಾಲದ ಮುಂದೆ ಸೊನ್ನೆ ಬರೆದಳು, ಶಾಯಿಯಲ್ಲಿ.

ನೀರು ತುಂಬಿದ ಮೇಲೆ
ಪೀಪಾಯಿಯಿಂದ ಮೂವತ್ತು ಎಳೆ ತೆಗೆದು
ಬಲೆಯ ಪಂಜರದಲ್ಲಿ ಬಿಟ್ಟೆವು.
ಸಿಗಡಿ ಬಲೆ ಕತ್ತರಿಸಿತು. ನಾಲ್ಕು ಉಳಿದವು.
ಮತ್ತೆ ಬಿಟ್ಟೆವು. ಮತ್ತೆ ಕತ್ತರಿಸಿತು.
ಮೂರನೆಯ ಬೇಸಿಗೆ
ಸುಎಕಿಚಿ ತನ್ನ ಹಾವುಮೀನಿನ ತಂತಿಬುಟ್ಟಿ ತಂದುಕೊಟ್ಟ,
ಯಾಕೆಂದು ಹೇಳಲಿಲ್ಲ.

ಅದೇ ಆಗಸ್ಟ್, ಮಧ್ಯಾಹ್ನ.
ತೂಬಿನ ಬಳಿ, ಬುಟ್ಟಿಗಳಿಂದ ಬಲು ದೂರ,
ನಾವು ಬಿಡದ ಕಡೆ,
ಹಿನಾಸೆ ಪಾಚಿಯೆಂದು ಎತ್ತಿದ್ದನ್ನು
ನನ್ನ ಕಿವಿಯ ಹತ್ತಿರ ತಂದಳು.
ಚಿಟ್.
ಆಮೇಲೆ ಇನ್ನೊಂದು, ಚಿಟ್,
ಬಾಣಲೆಯಲ್ಲಿ ಎಳ್ಳು ಸಿಡಿದ ಹಾಗೆ.
ನೀರು ಬಿಟ್ಟ ಚೀಲಗಳು ಗಾಳಿ ನುಂಗುವ ಸದ್ದು.
ಕೆಸರಲ್ಲಿ ಎಷ್ಟು ವರ್ಷ ಮಲಗಿದ್ದ ಬೀಜವೋ.

"ಇಳಿಸು" ಅಂದೆ. "ಗಾಳಿಯಿಂದ ಹೊಟ್ಟೆ ತುಂಬಲ್ಲ."
ಇಳಿಸಿದಳು.
ದಾಖಲೆಯ ಪುಸ್ತಕ ತೆರೆದು
ಆ ಸೊನ್ನೆಯ ಪಕ್ಕ ಒಂದು ಎಂದು ಬರೆದಳು,
ಪೆನ್ಸಿಲಿನಲ್ಲಿ.